ನಡುಮನೆಯಲ್ಲಿ ನಡುಗಡಲು

ಇಪ್ಪತ್ತು ವರ್ಷಗಳಿಂದ ಕೊಳ್ಳೇಗಾಲದ ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೇನೆ. ಅಲೆ, ಉಬ್ಬರ, ಇಳಿತ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಎಬ್ಬಿಸಿ, ಡಸ್ಟರಿನಲ್ಲಿ ಒರೆಸಿದ್ದೇನೆ. ಆದರೆ ಸಮುದ್ರದ್ದು ಅಂತ ನಾನು ಕಣ್ಣಾರೆ ಕಂಡಿರುವುದು ಸಾರಿಗೆ ಹಾಕುವ ಉಪ್ಪು ಮಾತ್ರ. (ಅದೂ ನನ್ನ ಹೆಂಡತಿ ರೂಪ ಹಾಕಲು ಮರೆಯದ ದಿನ.) ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಸಮುದ್ರ ದಾಟುವವನೂ ನಾನೇ ಮೊದಲಾಗಬೇಕೆಂದು ಈ ವರ್ಷ ಪಣ ತೊಟ್ಟೆ.

ದಾರಿ ಮೊಬೈಲಿನಲ್ಲಿ ಸಿಕ್ಕಿತು. ದೊಡ್ಡ ದೊಡ್ಡ ವಿಹಾರದ ಹಡಗುಗಳು ಕಾಲ ಬದಲಾದಾಗ ಒಂದು ಸೀಮೆಯ ಕೆಲಸ ಮುಗಿಸಿ ಇನ್ನೊಂದು ಸೀಮೆಗೆ ಹೋಗುತ್ತವಂತೆ. ಹೇಗೂ ಹೋಗಬೇಕಲ್ಲ ಅಂತ ಆ ಒಂದು ಸಲ ಅಗ್ಗದಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತವಂತೆ. ಸಿಂಗಪುರದಲ್ಲಿ ಹತ್ತಿದರೆ ದುಬೈನಲ್ಲಿ ಇಳಿಯುವುದು. ಇಬ್ಬರ ಕೋಣೆ. ನಾನು, ರೂಪ. ಅವ್ವ ಅಷ್ಟು ದಿನ ಧನಗೆರೆಯಲ್ಲಿ ಚಿಕ್ಕವ್ವನ ಮನೆಯಲ್ಲಿರುವುದು.

ಇದನ್ನೆಲ್ಲ ನಾನು ಗಂಭೀರವಾಗಿ ವಿವರಿಸಿದಾಗ ನನ್ನ ಅವ್ವ ಚಿಕ್ಕನಿಂಗಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿದಳು.

"ಅಂಗಂದ್ರೆ ಬತ್ತದ್ ಕಟಾವು ಮೆಷಿನ್ ಇದ್ದಂಗೆ ಅನ್ನು. ನಮ್ ಕೊಯ್ಲು ಮುಗುಸ್ಕಂಡು ತಮಿಳುನಾಡು ಕಡೀಕ್ ಓಯ್ತದಲ್ಲ, ಅಂಗೆ."

"ಹೂಂ ಅವ್ವ, ಹಾಗೇ."

"ಕೆಲ್ಸ ಇಲ್ದೆ ಓಗೋ ಮೆಷಿನ್ ಮ್ಯಾಕ್ ಕೂತ್ಕಂಡ್ ಓಗಕೆ ಇಷ್ಟೊಂದ್ ಬಾಸಣವೇನ್ಲಾ ಮಗಾ?"

ನಾನು ಸೋಲಲಿಲ್ಲ. ಹೆಂಡತಿಯ ಕಡೆ ತಿರುಗಿದೆ. "ನೋಡು, ಮಾಮೂಲಿ ವಿಹಾರದಂತಲ್ಲ ಇದು. ಊರುಗಳು ಕಮ್ಮಿ, ನೀರೇ ಜಾಸ್ತಿ. ದಿನಗಟ್ಟಲೆ ದಡ ಕಾಣುವುದಿಲ್ಲ. ಫೋನಿಗೆ ಸಿಗ್ನಲ್ ಇರುವುದಿಲ್ಲ. ಪಡುವಣಕ್ಕೆ ಹೋಗುವುದರಿಂದ ಆಗಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಆವತ್ತು ದಿನಕ್ಕೆ ಇಪ್ಪತ್ತೈದು ಗಂಟೆ!"

"ಆ ಎಚ್ಚಿನ್ ಗಂಟೇಲಿ ಅಡುಗೆ ಯಾರ್ ಮಾಡಾದು?"

"ಯಾರೂ ಮಾಡಬೇಕಿಲ್ಲ ಕಣೇ. ಅವರೇ ಮಾಡಿ ಬಡಿಸುತ್ತಾರೆ."

ರೂಪ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಮೀನು ಗಾಳ ಕಚ್ಚಿತು ಅಂದುಕೊಂಡೆ. ಆದರೆ ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಅಂದಳು. "ಎಲ್ಲ ಸರಿ ಕಣ್ರಿ. ಸಂಜೆ ಆದ್ರೆ ಸರ್ಕಲ್‌ಗೆ ಓಗಿ ಟೀ ಕುಡ್ದು, ನಾಕ್ ಜನುಕ್ಕೆ ಬುದ್ಧಿ ಏಳ್ದೆ ಇದ್ರೆ ನಿಮ್ಗೆ ನಿದ್ದೆ ಬರಕಿಲ್ಲ. ನೀರ್ ಮಧ್ಯ ನಿಮ್ಮನ್ನ ಯಾರ್ ಇಡ್ಕಳಾದು? ಮೂರ್ ದಿನ ಈ ಮನೆ ಬಾಗ್ಲು ತೆಗೀದಂಗೆ ಇರಿ ನೋಡವಾ. ಮೂರ್ನೇ ದಿನ ಒತ್ತು ಮುಳ್ಗಗಂಟ ತೆಗೀದಿದ್ರೆ ನಾನ್ ಬತ್ತೀನಿ. ತೆಗುದ್ರೆ ನೀವು ಸಮುದ್ರುದ್ ಸುದ್ದಿ ಬುಟ್ಬುಡ್ಬೇಕು."

ಇಷ್ಟೇ ತಾನೆ! ಪರೀಕ್ಷೆ ಅಂದರೆ ನನಗೆ ಹಬ್ಬ. ದಸರಾ ರಜೆ ಬಂದ ಕೂಡಲೇ 'ಗೃಹನೌಕಾಯಾನ ಪೂರ್ವಾಭ್ಯಾಸ'ವನ್ನು ಉದ್ಘಾಟಿಸಿದೆ. ಹಾಲು, ತರಕಾರಿ ತುಂಬಿಸಿ, ಮೂವರ ಫೋನನ್ನೂ ಆರಿಸಿ ಬೀರುವಿನಲ್ಲಿಟ್ಟು, ಮುಂಬಾಗಿಲಿಗೆ ಚಿಲಕ ಜಡಿದೆ. ಬೀದಿಯ ಕಿಟಕಿಗೂ ಪರದೆ ಎಳೆದೆ. (ನಡುಗಡಲಿನಲ್ಲಿ ಎದುರುಮನೆ ಕಾಣಬಾರದು.)

ಮೊದಲ ದಿನ ಸೊಗಸಾಗಿ ಕಳೆಯಿತು. ಎರಡನೆಯ ದಿನ ನನ್ನ ಕಾಲುಗಳು ತಾವಾಗಿಯೇ ಸರ್ಕಲ್ ಕಡೆ ಎಳೆಯತೊಡಗಿದವು. ನಡುಮನೆಯಲ್ಲೇ ಬಾಗಿಲಿನಿಂದ ಹಿತ್ತಿಲ ಗೋಡೆಯವರೆಗೆ ಓಡಾಡಿದೆ. ಅವ್ವ, "ಕೂತ್ಕಳ್ಳಾ, ನಿನ್ ನೋಡಿ ನಂಗೇ ತಲೆ ತಿರುಗ್ತದೆ" ಅಂದಳು. ಸಮುದ್ರದ ಕಾಯಿಲೆಯೂ ಅಭ್ಯಾಸವಾಯಿತಲ್ಲ ಎಂದು ಸಂತೋಷಪಟ್ಟೆ. ಎದುರುಮನೆಯ ಶಿವಮ್ಮ ಬಂದು ಕದ ತಟ್ಟಿದರು. "ರೂಪಾ! ರೂಪವ್ವೋ!" ನಾನು ತುಟಿಯ ಮೇಲೆ ಬೆರಳಿಟ್ಟು ಇಬ್ಬರನ್ನೂ ತಡೆದೆ. ಸಾಗರದ ಮಧ್ಯೆ ಯಾರು ಬಂದು ಕದ ತಟ್ಟುತ್ತಾರೆ?

ಒಂದು ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಬೀದಿಯಲ್ಲಿ ಬೆಳಗಾದರೆ ಪ್ರತಿ ಮನೆಯ ಮುಂದೂ ನೀರು ಬೀಳಬೇಕು, ರಂಗೋಲಿ ಏಳಬೇಕು. ಎರಡು ದಿನ ಅಂಗಳ ಒಣಗಿ, ಕದ ಮುಚ್ಚಿ, ಫೋನೂ ಸತ್ತಿತೆಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಒಳಗೆ ಒಂದು ಮುದುಕಿಯೂ ಇದ್ದಾಳೆಂದ ಮೇಲೆ ಅನುಮಾನವೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ, ಗೆಲುವು ಇನ್ನೇನು ಕೈಗೆ ಸಿಗಬೇಕು, ಬೀದಿಯಲ್ಲಿ ಆಟೋ ನಿಂತಿತು. ಬೆನ್ನಿಗೇ ಆಕಾಶ ಸೀಳುವ ರಾಗ.

"ಅಯ್ಯೋ ನನ್ನಕ್ಕಾ! ನನ್ ಬುಟ್ಬುಟ್ಟು ಓಗ್ಬುಟ್ಯಲ್ಲಕ್ಕಾ!"

ಧನಗೆರೆಯ ಪುಟ್ಟಗೌರಮ್ಮ, ನನ್ನ ಚಿಕ್ಕವ್ವ. ಸುದ್ದಿ ಮುಟ್ಟಿಸಿದವರು ಶಿವಮ್ಮ. ಹಿಂದೆ ಅರ್ಧ ಬೀದಿ.

ನಾನು ಹಾರಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವ್ವನಿಗೋ ತಂಗಿಯ ಅಳು ಕಿವಿಗೆ ಬಿದ್ದದ್ದೇ ಸಾಕು. ನಮ್ಮ ಕಡೆ ಅಳುವವರು ಬಂದರೆ ಮೊದಲು ಕೂಡಿ ಅಳಬೇಕು, ಕಾರಣ ಆಮೇಲೆ ಕೇಳಬೇಕು. ಅವ್ವ ಓಡಿಹೋಗಿ ಪರದೆ ಸರಿಸಿ, ಕಿಟಕಿಯ ಸರಳುಗಳ ನಡುವಿನಿಂದ ಕೈ ಚಾಚಿ ತಂಗಿಯ ಕೊರಳು ಹಿಡಿದು ಗೋಳಾಡಿದಳು. ಇಬ್ಬರೂ ಮನದಣಿಯೆ ಅತ್ತರು. ಆಮೇಲೆ ಅವ್ವ ಸೆರಗಿನಲ್ಲಿ ಮೂಗೊರೆಸಿಕೊಂಡು ಕೇಳಿದಳು.

"ಯಾರವ್ವಾ ಓಗ್ಬುಟ್ಟಿದ್ದು?"

"ನೀನೇ ಕಣಕ್ಕಾ!"

ಅವ್ವ ತನ್ನ ಮೈಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. "ನಾನ್ ಇಲ್ಲೇ ಇದ್ದೀನಲ್ಲವ್ವಾ."

"ಅಂಗಾರೆ ಇನ್ಯಾರು?"

ಅವ್ವ ಹಿಂದಕ್ಕೆ ತಿರುಗಿದಳು. ರೂಪ ಕಂಡಳು. ಬಾಗಿಲ ಮೂಲೆಯ ಕತ್ತಲಲ್ಲಿದ್ದ ನಾನು ಕಾಣಲಿಲ್ಲ. "ಅಯ್ಯೋ ನನ್ ಮಗನೇ! ಈಗ್ತಾನೆ ಇಲ್ಲೇ ಓಡಾಡ್ತಿದ್ನಲ್ಲಪ್ಪೋ!" ಎಂದು ಮೊದಲಿಗಿಂತ ಎತ್ತರದ ದನಿಯಲ್ಲಿ ಶುರುಮಾಡಿದಳು. ರೂಪ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡು ಗಡಗಡ ನಡುಗುತ್ತಿದ್ದಳು. ಅದನ್ನು ಕಿಟಕಿಯಿಂದ ಕಂಡ ಹೆಂಗಸರಿಗೆ ಅನುಮಾನವೆಲ್ಲ ಪರಿಹಾರವಾಯಿತು.

"ನಾನು ಬದುಕಿದ್ದೀನಿ ಅಂತ ಹೇಳೇ!" ಪಿಸುಗುಟ್ಟಿದೆ.

"ಬಾಗ್ಲು ತೆಗ್ದು ನೀವೇ ಏಳಿ" ಅಂದಳು.

ನಾನು ಹಲ್ಲು ಕಚ್ಚಿದೆ. ಸತ್ತರೂ ಸರಿ, ಬಾಗಿಲು ತೆಗೆಯುವವನಲ್ಲ.

ಅಷ್ಟರಲ್ಲಿ ನಮ್ಮ ಇತಿಹಾಸದ ಉಪನ್ಯಾಸಕ ಗುರುಪ್ರಕಾಶ್ ಸಾವಿನ ಸುದ್ದಿ ಕೇಳಿ ಹಾರ ಹಿಡಿದು ಬಂದರು. ಕಾಲೇಜಿನ ಸಂತಾಪ ಸಭೆಗಳೆಲ್ಲ ಅವರದೇ ಗುತ್ತಿಗೆ. ಸತ್ತವನು ನಾನೆಂದು ಹೆಂಗಸರು ಹೇಳಿದ್ದೇ ತಡ, ಗಂಟಲು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ನಿಂತೇಬಿಟ್ಟರು.

"ಆತ್ಮೀಯರೇ, ಮಾದೇಶ್ ಅವರು ಬರೀ ಉಪನ್ಯಾಸಕರಲ್ಲ. ಅವರೊಂದು ಸಾಗರ..."

ಬಾಗಿಲ ಹಿಂದೆ ನನ್ನ ಕಣ್ಣು ಒದ್ದೆಯಾಯಿತು. ನಾನು ಬದುಕಿದ್ದಾಗ ಈ ಮನುಷ್ಯ ನನ್ನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಸತ್ತೇ ಇರೋಣ ಅನ್ನಿಸಿತು.

"ಭೂಮಿಯ ಮೇಲೆ ಮೂರರಲ್ಲಿ ಒಂದು ಪಾಲು ಮಾತ್ರ ನೀರು ಎಂಬ ಸತ್ಯವನ್ನು ಸಾವಿರಾರು ಮಕ್ಕಳಿಗೆ ಕಲಿಸಿದ ಈ ಮಹಾನುಭಾವರು..."

ಒಂದು ಪಾಲೇ! ಇಪ್ಪತ್ತು ವರ್ಷ ನಾನು ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನೆಂದು ನಂಬಿಕೊಂಡು ಈ ಜನ ಮನೆಗೆ ಹೋಗುವುದೇ? ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಕದ ಧಡಾರನೆ ತೆರೆಯಿತು.

"ನೂರಕ್ಕೆ ಎಪ್ಪತ್ತೊಂದು, ಗುರುಪ್ರಕಾಶ್! ಎಪ್ಪತ್ತೊಂದು!"

ಆಟೋದವನು ಆಟೋ ಬಿಟ್ಟು ಓಡಿದ. ಚಿಕ್ಕವ್ವ ಮೆಟ್ಟಿಲ ಮೇಲೆ ಕುಸಿದಳು. ಗಾಬರಿಯಲ್ಲಿ ಗುರುಪ್ರಕಾಶ್ ಕೈಯಲ್ಲಿದ್ದ ಹಾರವನ್ನು ನನ್ನ ಕೊರಳಿಗೇ ಹಾಕಿ ಕೈಮುಗಿದರು.

ಹಿಂದಿನಿಂದ ರೂಪಳ ದನಿ ಕೇಳಿತು. "ಒತ್ತಿನ್ನೂ ಮುಳುಗಿಲ್ಲ ಕಣ್ರಿ."

ಬಂದವರಿಗೆಲ್ಲ ಕಾಫಿ ಕೊಟ್ಟು ಕಳಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ನಾನು ಮಾತಿಗೆ ತಪ್ಪುವವನಲ್ಲ. ಎದೆ ಕಲ್ಲು ಮಾಡಿಕೊಂಡು, "ಆಯಿತು, ಹಡಗಿನ ಮಾತು ಇವತ್ತಿಗೆ ಮುಗಿಯಿತು" ಅಂದೆ.

"ಯಾಕ್ ಮುಗೀಬೇಕು?" ಅಂದಳು ರೂಪ. "ಫೇಲಾಗಿದ್ದು ನೀವು. ನಾನೂ ಅತ್ತೇನೂ ಪಾಸಾಗಿಲ್ವಾ? ಪೋನಿಲ್ದೆ, ನೆಂಟ್ರಿಲ್ದೆ ಮೂರ್ ದಿನ ಎಷ್ಟ್ ನೆಮ್ದಿಯಾಗಿತ್ತು ಗೊತ್ತಾ? ಅಲ್ಲಿ ಒಲೆ ಮುಂದೂ ನಿಲ್ಲಂಗಿಲ್ಲ ಅಂತೀರಿ. ಇಬ್ಬುರ್ ಕ್ವಾಣೆ ತಾನೆ? ನಾನೂ ಅತ್ತೇನೂ ಓಯ್ತೀವಿ."

"ಸತ್ತೋದ್ರು ಅಂತ ಸುಳ್ ಸುದ್ದಿ ಉಟ್ಟುದ್ರೆ ಆಯಸ್ಸು ಜಾಸ್ತಿ ಕಣ್ಲಾ" ಅಂದಳು ಅವ್ವ. "ಆ ಆಯಸ್ಸ ಏನ್ ಮಾಡ್ಲಿ? ನಾನೂ ಆ ಮೆಷಿನ್ ಮ್ಯಾಕ್ ಅತ್ತೇ ಬುಡ್ತೀನಿ."

ಈಗ ದಿನಾ ಸಂಜೆ ಸರ್ಕಲ್‌ಗೆ ಹೋಗುವುದನ್ನೂ ಬಿಟ್ಟು, ಸಮುದ್ರದಲ್ಲಿ ಏನೇನು ಎದುರಾಗುತ್ತದೆಂದು ಇಬ್ಬರಿಗೂ ಪಾಠ ಹೇಳುತ್ತಿದ್ದೇನೆ. ನಿನ್ನೆ ಪಾಠ ಮುಗಿದ ಮೇಲೆ ಅವ್ವನಿಗೆ ಕನಿಕರ ಹುಟ್ಟಿತು.

"ಮಗಾ, ನಮ್ಮನ್ನ ಇಮಾನದ್ ತಾವುಗಂಟ ಬುಡಕಾರೂ ಬತ್ತೀಯಾ?"

"ಬರ್ತೀನಿ ಅವ್ವ!" ಎಂದು ಎದ್ದು ನಿಂತೆ.

"ಬ್ಯಾಡಿ ಅತ್ತೆ" ಅಂದಳು ರೂಪ. "ಅಲ್ಲಿ ಮೈಕಲ್ಲಿ ಯಾರಾರ ಏನಾರ ತಪ್ ಏಳುದ್ರೆ ಇವ್ರು ತಿದ್ದಕೆ ನಿಂತ್ಕತಾರೆ. ನಮ್ ಇಮಾನ ಓಯ್ತದೆ."