ಬೈಯಲಿಕ್ಕೊಂದು ಹಗೇವು

ನನ್ನ ಸೋದರಮಾವ ಸಿರುಗುಪ್ಪದಲ್ಲಿ ಊರ ಮಕ್ಕಳಿಗೆಲ್ಲ ಬೈಗುಳ ಕಲಿಸುತ್ತಾರೆ ಎಂಬ ಸುದ್ದಿ ಬಳ್ಳಾರಿಯ ನಮ್ಮ ಓಣಿಯವರೆಗೂ ಬಂದಿತ್ತು. ಶುದ್ಧ ಸುಳ್ಳು! ಬೈಗುಳ ಆ ಮಕ್ಕಳಿಗೆ ಮೊದಲೇ ಬರುತ್ತಿದ್ದವು. ಮಾವ ಬೈಯುವುದಕ್ಕೊಂದು ಜಾಗ ಮಾಡಿಕೊಟ್ಟಿದ್ದರು, ಅಷ್ಟೆ.

ನಾನು ಆ ಜಾಗಕ್ಕೆ ಹೋಗಿ ಬಿದ್ದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ನನ್ನ ಅವ್ವ ತೀರಿಕೊಂಡು ಕೆಲವು ತಿಂಗಳಾಗಿತ್ತು. ನಾನು ಅತ್ತಿರಲಿಲ್ಲ. ಉಣ್ಣುತ್ತಿದ್ದೆ, ಹೇಳಿದ ಕೆಲಸ ಮಾಡುತ್ತಿದ್ದೆ, ಮಾತು ಮಾತ್ರ ಇಲ್ಲ. ಹೆದರಿದ ಅಪ್ಪ ಕುರುಗೋಡಿಗೆ ಕರೆದೊಯ್ದು ತಾಯಿತ ಕಟ್ಟಿಸಿದರು. ತಾಯಿತದ ದಾರದಿಂದ ಕತ್ತು ತುರಿಸಿತೇ ಹೊರತು ಮಾತು ಬರಲಿಲ್ಲ. "ಒಂದು ಸಲ ಅತ್ತುಬಿಟ್ರ ಸಾಕಪಾ ಹುಡುಗಿ" ಎಂದು ಹೇಳಿ, ಬೇರೆ ದಾರಿ ಕಾಣದೆ ನನ್ನನ್ನು ಮಾವನ ಕೈಗೆ ಒಪ್ಪಿಸಿ ಹೋದರು.

ಮಾವನ ಔಷಧಶಾಲೆ ಯಾವುದು ಅಂತೀರಿ? ಹಿತ್ತಲಿನ ಹಗೇವು! ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಅದು. ಆ ವರ್ಷ ಖಾಲಿ ಬಿದ್ದಿತ್ತು. ಭತ್ತದ ಸಾಹುಕಾರರ ಹತ್ತಿರ ತೂಕ ಹಾಕುವ ಮಾವನಿಗೆ ಭಾನುವಾರ ರಜ. ಅಂದು ಓಣಿಯ ಮಕ್ಕಳನ್ನೆಲ್ಲ ಕೂಡಿಸಿ, ಸಿಟ್ಟು ಬಂದವರನ್ನು ಹಗೇವಿನ ಬಾಯಿಗೆ ಬಗ್ಗಿಸಿ, "ಕೂಗ್ರಿಲೇ, ಹೊಟ್ಟ್ಯಾಗ ಏನೈತಿ ಎಲ್ಲಾ ಕೂಗ್ರಿ" ಎನ್ನುತ್ತಿದ್ದರು. ಮಕ್ಕಳ ಹೊಟ್ಟೆನೋವಿಗೆಲ್ಲ ಒಳಗೇ ಉಳಿದ ಮಾತು ಕಾರಣ, ಅದಕ್ಕೆ ಔಡಲೆಣ್ಣೆ ಕುಡಿಸಿ ಪ್ರಯೋಜನವಿಲ್ಲ ಎಂಬುದು ಅವರ ವೈದ್ಯಶಾಸ್ತ್ರ.

ಒಂದು ಭಾನುವಾರ ಅತ್ತೆಯೇ ಒಲೆ ಬಿಟ್ಟು ಎದ್ದು ಬಂದರು. ಸೆರಗು ಸಿಗಿಸಿ, ಹಗೇವಿಗೆ ಬಗ್ಗಿ, "ರಜ ಇರೋದೊಂದು ದಿನ! ಅವತ್ತೂ ಊರ ಹುಡುಗರನ್ನ ಕಟ್ಕೊಂಡು ಕುಣೀತಾನ! ಮನಿ ಸೋರಾಕ ಹತ್ತೇತಿ, ಮಾಳಗಿ ಯಾರು ಹತ್ತಬೇಕು, ನಮ್ಮಪ್ಪನಾ?" ಎಂದು ಕೂಗಿದರು. ಅತ್ತೆ ಗಂಡನನ್ನು ಏಕವಚನದಲ್ಲಿ ಕರೆದದ್ದನ್ನು ಓಣಿ ಕೇಳಿದ್ದು ಅದೇ ಮೊದಲು. ಮಾವ ಚಪ್ಪಾಳೆ ತಟ್ಟಿ, "ನೋಡ್ರಿಲೇ, ಹೇಳಿದ್ರ ಹಿಂಗ ಹೇಳಬೇಕು!" ಎಂದರು. ಮಾಳಿಗೆಯನ್ನಂತೂ ಅವರು ಹತ್ತಲಿಲ್ಲ.

ಕೂಗಲು ನಾಚುವವರಿಗೆ ಎರೆಮಣ್ಣಿನ ಮುದ್ದೆ ಸಿಗುತ್ತಿತ್ತು. ಯಾರ ಮೇಲೆ ಸಿಟ್ಟೋ ಅವರನ್ನು ಮಣ್ಣಿನಲ್ಲಿ ಮಾಡಿ, ಎದುರಿಗಿಟ್ಟುಕೊಂಡು ಮಾತಾಡಬೇಕು. ಪಕ್ಕದ ಮನೆಯ ಹುಡುಗಿ ತನ್ನ ಅಪ್ಪನನ್ನು ಮಾಡಿದಳು. ಹುರಿಮೀಸೆ, ತೆರೆದ ಬಾಯಿ, ಹೊಡೆಯಲು ಎತ್ತಿದ ಕೈ! ಮನಸಾರೆ ಬೈದು, ಒಣಗಲೆಂದು ಮನೆಗೆ ಒಯ್ದು ಪಡಸಾಲೆಯಲ್ಲಿಟ್ಟಳು. ಕಣ್ಣು ಮಂಜಾದ ಅವಳ ಅಜ್ಜಿ ಅದನ್ನು ಯಾವುದೋ ಉಗ್ರ ದೇವರೆಂದು ತಿಳಿದು, ದೇವರ ಜಗಲಿಗೆ ಏರಿಸಿ ವಿಭೂತಿ ಬಳಿದುಬಿಟ್ಟರು. ಸಂಜೆ ಅಂಗಡಿಯಿಂದ ಬಂದ ಅಪ್ಪ ಕೈಕಾಲು ತೊಳೆದು, ತನ್ನ ಮೂರ್ತಿಗೆ ತಾನೇ ಅಡ್ಡಬಿದ್ದು, ಗಲ್ಲ ಬಡಿದುಕೊಂಡು "ತಪ್ಪಾತು ತಂದೀ" ಎಂದನಂತೆ. ಹುಡುಗಿ ಓಡಿಬಂದು, "ನಮ್ಮಪ್ಪ ತಪ್ಪಾತು ಅಂದಾನ್ರಿ! ನನಗ ಇನ್ನ ಸಿಟ್ಟಿಲ್ರಿ" ಎಂದು ವರದಿ ಒಪ್ಪಿಸಿದಳು. ಇಂಥ ರಾಜಿ ಯಾವ ಕೋರ್ಟಿನಲ್ಲಾದೀತು, ಹೇಳಿ!

ನನ್ನ ಮುಂದೆ ಮಾತ್ರ ಮಾವನ ಆಟ ನಡೆಯಲಿಲ್ಲ. ಹಗೇವಿಗೆ ಬಗ್ಗಿಸಿದರೆ ಬಗ್ಗಿ ನೋಡಿ ಬಂದೆ. ಮಣ್ಣು ಕೊಟ್ಟರೆ ಉಂಡೆ ಕಟ್ಟಿಟ್ಟೆ. "ಇದು ಯಾರವ್ವಾ?" ಎಂದರು. ನಾನು ಇನ್ನೊಂದು ಉಂಡೆ ಕಟ್ಟತೊಡಗಿದೆ. "ಯಾರರ ಆಗ್ಲಿ, ಭಾಳ ದುಂಡಗ ಅದಾರ" ಎಂದು ಎದ್ದು ಹೋದರು. ರಾತ್ರಿ ಅತ್ತೆಯ ಮುಂದೆ, "ಕೂಸು ಒಳಗೊಳಗ ಒಣಗಾಕ ಹತ್ತೇತಿ. ನನಗ ಏನೂ ತಿಳೀವಲ್ದು" ಎನ್ನುವುದು ಕೇಳಿಸಿತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಕ್ಕಳೆಲ್ಲ ಹಿತ್ತಲಿನಲ್ಲಿ ಕೂತು ಜೋಡೆತ್ತು ಮಾಡಿ, ಪೂಜೆಗೆಂದು ಮನೆಗೆ ಒಯ್ದರು. ಮಾವ ಮತ್ತು ನಾನು ಉಳಿದೆವು. ಮಾವ ನನ್ನನ್ನು ಏನೂ ಕೇಳಲಿಲ್ಲ. ಮಿಕ್ಕ ಮಣ್ಣು ತೆಗೆದುಕೊಂಡು ತಾವೇ ಏನೋ ಮಾಡತೊಡಗಿದರು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ಮೂಗು ಸರಿಬರದೆ ಅಳಿಸಿದರು, ಮತ್ತೆ ತಿದ್ದಿದರು, ಮತ್ತೆ ಅಳಿಸಿದರು. ನನಗೆ ನೋಡಲಾಗಲಿಲ್ಲ. ಅವರ ಕೈಯಿಂದ ಕಸಿದುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ.

"ಅವ್ವನ ಮೂಗು ಇಷ್ಟು ಚೂಪಿಲ್ಲ, ಮಾವಾ" ಎಂದೆ.

ಮಾವ ಆ ಮುಖವನ್ನೇ ನೋಡುತ್ತ ಕೂತರು. ಊರ ಮಕ್ಕಳ ಬಾಯಿ ಬಿಡಿಸಿದ ಈ ಮನುಷ್ಯ, ತನ್ನ ಅಕ್ಕ ಸತ್ತ ಮೇಲೆ ಅವಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವರು ಮಣ್ಣಿನ ಮುಖಕ್ಕೆ, "ನನಗೊಂದು ಮಾತು ಹೇಳದ ಹೆಂಗ ಹೋದಿ ಅಕ್ಕಾ?" ಎಂದರು. ಎಂದವರೇ, ಬಾಯಿ ತೆರೆದು, ಸಣ್ಣ ಹುಡುಗರ ಹಾಗೆ ಜೋರಾಗಿ ಅತ್ತುಬಿಟ್ಟರು.

ನಾನು ಕೇಳಬೇಕೆಂದಿದ್ದದ್ದೂ ಅದೇ ಮಾತು. ಅವರ ಕೊರಳು ಹಿಡಿದು ನಾನೂ ಅತ್ತುಬಿಟ್ಟೆ. ಅವ್ವನಿಗಾಗಿ ನನ್ನಷ್ಟೇ ಅಳಬೇಕಾದವರು ಇನ್ನೊಬ್ಬರು ಈ ಭೂಮಿಯ ಮೇಲಿದ್ದಾರೆಂದು ತಿಳಿದು ಎಷ್ಟು ಸಮಾಧಾನವಾಯಿತೋ! ಮಾವ ಮಣ್ಣು ಮೆತ್ತಿದ ಕೈಯಲ್ಲೇ ನನ್ನ ಮುಖ ಒರೆಸಿದರು. ನಾನು ಅವರ ಮುಖ ಒರೆಸಿದೆ.