ಏಡಿ ಮಗುಚುವ ಪ್ರವಾಸ

ನಮ್ಮ ಭಾವನ ಜೊತೆ ಪ್ರವಾಸ ಹೋಗಿಬಂದವರು ಯಾರೂ ಫೋಟೊ ತೋರಿಸುವುದಿಲ್ಲ, ಸೊಂಟ ತೋರಿಸುತ್ತಾರೆ! "ಇಲ್ಲೇ ಹಿಡ್ಕೊಂಡಿರೋದು ನೋಡಿ" ಎನ್ನುತ್ತಾರೆ. ಅಮೆರಿಕ ನೋಡಲು ಬಂದ ನೆಂಟರನ್ನು ಬಗ್ಗಿಸಿ ಕೆಲಸ ಮಾಡಿಸುವ ಮನುಷ್ಯ ಇಡೀ ನ್ಯೂಜೆರ್ಸಿಯಲ್ಲಿ ಇವರೊಬ್ಬರೇ ಇರಬೇಕು.

ಭಾವ ಅಂದರೆ ನನ್ನ ಅಕ್ಕನ ಗಂಡ, ವುಡ್‌ಬ್ರಿಡ್ಜ್‌ನಲ್ಲಿ ಮನೆ. ಮೊದಲು ಹೀಗಿರಲಿಲ್ಲ. ನಿವೃತ್ತರಾದ ಹೊಸತರಲ್ಲಿ ಕನ್ನಡದವರಿಗೆಂದು ಬಸ್ಸು ಮಾಡಿಸಿ ಊರೂರು ಸುತ್ತಿಸುತ್ತಿದ್ದರು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಪುಳಿಯೋಗರೆ, ದಾರಿಯುದ್ದಕ್ಕೂ ಅಂತ್ಯಾಕ್ಷರಿ. ಪ್ರಕೃತಿ ಇವುಗಳ ಸಂದಿಯಲ್ಲಿ ಎಲ್ಲಾದರೂ ತೂರಿಕೊಂಡು ಬಂದರೆ ಬರುತ್ತಿತ್ತು!

ಒಂದು ಮೇ ತಿಂಗಳಲ್ಲಿ ಆ ಬಸ್ಸು ಡೆಲವೇರ್ ಕೊಲ್ಲಿಯ ದಡದ ಒಂದು ಪುಟ್ಟ ಊರಿಗೆ ಹೋಯಿತು. ನಾನೂ ಇದ್ದೆ. ಕುದುರೆ ಲಾಳದಂತಹ ಚಿಪ್ಪಿನ ಏಡಿಗಳು ಆಗ ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಆ ಮೊಟ್ಟೆ ತಿನ್ನಲೆಂದೇ ದಕ್ಷಿಣ ಅಮೆರಿಕದಿಂದ ಹಕ್ಕಿಗಳು ಬಂದಿಳಿದಿರುತ್ತವೆ. ಅವುಗಳ ಹತ್ತಿರ ಯಾರೂ ಹೋಗದಂತೆ ಊರಿನವರು ಕಟ್ಟಿದ್ದ ಹಗ್ಗವನ್ನು ದಾಟಿ, ನಮ್ಮವರು ಸೆಲ್ಫಿಗೆಂದು ಹಕ್ಕಿಗಳ ನಡುವೆಯೇ ನುಗ್ಗಿದರು. ಅಷ್ಟೂ ಹಕ್ಕಿಗಳು ಒಮ್ಮೆಗೇ ಎದ್ದು ಹಾರಿದವು. ಅದಕ್ಕೆ ಚಪ್ಪಾಳೆ ಬೇರೆ!

ಪಕ್ಕದ ಮನೆಯಿಂದ ವಯಸ್ಸಾದ ಹೆಂಗಸೊಬ್ಬರು ಇಳಿದು ಬಂದರು. ಹೆಸರು ಮಾರ್ಗರೆಟ್, ಆ ಊರಲ್ಲೇ ಹುಟ್ಟಿ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಅವರು ಬೈಯಲಿಲ್ಲ. "ಪಾಪ, ಅಷ್ಟು ದೂರದಿಂದ ಬಂದು ಈಗ ತಾನೇ ಊಟಕ್ಕೆ ಕೂತಿದ್ದವು" ಎಂದರು, ಅಷ್ಟೇ.

ಊಟಕ್ಕೆ ಕೂತವರನ್ನು ಎಬ್ಬಿಸುವುದು! ಮೈಸೂರು ಕಡೆಯ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಏಟು ಬೇಕೆ? ವಾಪಸು ಬರುವಾಗ ಅಂತ್ಯಾಕ್ಷರಿಗೆಂದು ಮೈಕು ಕೈಗೆ ಕೊಟ್ಟರೆ, ಭಾವ ಅದನ್ನು ಆರಿಸಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

ಮುಂದಿನ ಶನಿವಾರ ಕ್ಷಮೆ ಕೇಳಲು ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರು. ಸಂಜೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದವರನ್ನು ಅಕ್ಕ ಬಾಗಿಲಲ್ಲೇ ತಡೆದಳು.

"ಏನಂದ್ರು? ಕ್ಷಮಿಸಿದ್ರಾ?"

"ಗೊತ್ತಾಗ್ಲಿಲ್ಲ ಕಣೆ. ಗ್ಲೌಸ್ ಕೊಟ್ರು."

ಅಲೆಯ ಹೊಡೆತಕ್ಕೆ ಏಡಿಗಳು ಅಂಗಾತ ಬೀಳುತ್ತವೆ. ತಾವಾಗಿ ಮಗುಚಿಕೊಳ್ಳಲಾಗದಿದ್ದರೆ ಬಿಸಿಲಿಗೆ ಒಣಗಿ ಸಾಯುತ್ತವೆ. ಅವನ್ನು ಒಂದೊಂದಾಗಿ ಮಗುಚುವುದೇ ಕೆಲಸ. ಬಸ್ಸು ಅಂದಿಗೆ ನಿಂತಿತು. ಊರಿನವರೂ ಕೂತು ಮಾತಾಡಿಕೊಂಡು ತಮ್ಮದೇ ಒಂದು ಕ್ರಮ ಮಾಡಿದರು: ಬಂದವರನ್ನು ತಾವೇ ಕರೆದೊಯ್ಯುವುದು, ಒಮ್ಮೆಗೆ ಒಂದೆರಡು ಕಾರಿನಷ್ಟೇ ಜನ, ಉಳಿಯಲು ತಮ್ಮ ಮನೆಗಳಲ್ಲೇ ಕೋಣೆ, ಚರ್ಚಿನ ಹಾಲ್‌ನಲ್ಲಿ ಸೂಪು, ಬ್ರೆಡ್ಡು. ಬರಿದೇ ನೋಡಿ ಹೋಗುವವರು ಬೇಡ, ಕೈಜೋಡಿಸುವವರು ಬನ್ನಿ ಎಂದರು. ಭಾವ ಅಲ್ಲಿನ ಕನ್ನಡ ಗೈಡ್ ಆದರು!

"ಬಾಲ ಹಿಡಿದು ಎತ್ತಬೇಡಿ! ನಿಮ್ಮ ಜಡೆ ಹಿಡಿದು ಎತ್ತಿದ್ರೆ ಹೇಗಿರತ್ತೆ?" ಎಂದು ಕೂಗುತ್ತ ದಡದುದ್ದಕ್ಕೂ ಓಡಾಡುವರು.

ಮೈಸೂರಿನಿಂದ ಬಂದ ನನ್ನ ಸೋದರತ್ತೆಯನ್ನೂ ಬಿಡಲಿಲ್ಲ. ಮೊಟ್ಟೆ ಇಟ್ಟ ಫ್ರಿಜ್ಜಿನ ನೀರು ಕೂಡ ಕುಡಿಯದ ಮಡಿವಂತೆ ಅವರು!

"ರಾಮ ರಾಮ, ಅದನ್ನ ನಾನು ಮುಟ್ಟಬೇಕೇನಪ್ಪಾ?"

"ಮುಟ್ಟದಿದ್ರೆ ಸಾಯತ್ತೆ, ಅತ್ತೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದವರು ಮಧ್ಯಾಹ್ನವಾದರೂ ಏಳಲಿಲ್ಲ. "ಅಜ್ಜಿ ಈಸ್ ನಾಟ್ ಸ್ಟಾಪಿಂಗ್!" ಎಂದು ನನ್ನ ಮಗಳು ನೆರಳಲ್ಲಿ ಕೂತು ದೂರು ಹೇಳಿದಳು.

ಆದರೆ ಆ ಊರನ್ನು ಸಮುದ್ರ ತಿನ್ನುತ್ತಿತ್ತು. ಪ್ರತಿ ಬಿರುಗಾಳಿಗೂ ನೀರು ರಸ್ತೆಗೆ, ಆಮೇಲೆ ಅಂಗಳಕ್ಕೆ ಬಂತು. ಸರ್ಕಾರ ಮನೆಗಳನ್ನು ಕೊಂಡು ಕೆಡವತೊಡಗಿತು. ನೆರೆಯವರು ಒಬ್ಬೊಬ್ಬರೇ ಹೊರಟುಹೋದರು. ಹೋದ ವರ್ಷ ಮಾರ್ಗರೆಟ್ ಸರದಿ ಬಂತು. ಅವತ್ತು ನಾವು ಗ್ಲೌಸ್ ಹಾಕಿಕೊಂಡು ಇಳಿದರೆ ಭಾವ ದಡದ ಕಡೆ ತಿರುಗಲೇ ಇಲ್ಲ.

"ಇವತ್ತು ಏಡಿ ಇಲ್ಲ. ಮಂಚ ಎತ್ತಬೇಕು."

ಮಂಚ, ಬೀರು, ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ಹೊತ್ತು ಲಾರಿಗೆ ತುಂಬಿದೆವು. ಮಾರ್ಗರೆಟ್ ಹೋಗಬೇಕಿದ್ದ ಅಪಾರ್ಟ್‌ಮೆಂಟ್ ಇನ್ನೂ ತಯಾರಿರಲಿಲ್ಲ. ಅಕ್ಕ ಅವರ ಕೈಹಿಡಿದು, "ನಮ್ಮ ಮನೆಯಲ್ಲಿ ಮೇಲಿನ ರೂಮು ಖಾಲಿ ಇದೆ, ಬನ್ನಿ" ಎಂದು ಕರೆದುಕೊಂಡು ಬಂದಳು.

ಅತಿಥಿ ಮನೆಯಲ್ಲಿದ್ದರೆ ಭಾವ ಸುಮ್ಮನಿರುತ್ತಾರೆಯೇ? ದಿನಾ ಬೆಳಿಗ್ಗೆ ಕಾಫಿ ಕೈಗಿಟ್ಟು, "ಇವತ್ತು ಎಲ್ಲಿಗೆ? ಮ್ಯಾನ್‌ಹಾಟನ್? ಪ್ರಿನ್ಸ್‌ಟನ್?" ಎಂದು ಕೇಳುವರು. ಮಾರ್ಗರೆಟ್ ನಕ್ಕು ಬೇಡವೆಂದು ತಲೆಯಾಡಿಸುವರು. ಕೊನೆಗೊಂದು ದಿನ ತಾವಾಗಿಯೇ ಹೇಳಿದರು: "ನನ್ನ ಮನೆ ನೋಡಬೇಕು."

ಮಾರ್ಗರೆಟ್, ಭಾವ, ನಾನು ಮೂವರೂ ಹೋದೆವು. ಮನೆ ಇರಲಿಲ್ಲ. ಸಮ ಮಾಡಿದ ಮರಳು, ಅದರಾಚೆ ನೀರು. ಮಾರ್ಗರೆಟ್ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಮೇಷ್ಟರ ದನಿಯಲ್ಲಿ, "ಇದು ಬಾಗಿಲು. ಒಳಗೆ ಬನ್ನಿ. ಇದು ಅಡುಗೆಮನೆ, ಬೆಳಗಿನ ಬಿಸಿಲು ಇಲ್ಲಿ ಬೀಳುತ್ತಿತ್ತು" ಎನ್ನುತ್ತ ಮುಂದೆ ನಡೆದರು. ನಾನು ಹಿಂಬಾಲಿಸಿದೆ. ತಿರುಗಿ ನೋಡಿದರೆ ಭಾವ ಜೊತೆಯಲ್ಲಿಲ್ಲ.

ಅವರು ಇನ್ನೂ ಬಾಗಿಲ ಹೊರಗೇ ಇದ್ದರು. ಬಗ್ಗಿ ಶೂ ಬಿಚ್ಚುತ್ತಿದ್ದರು. ಬಿಚ್ಚಿದ ಜೋಡನ್ನು ಪಕ್ಕಕ್ಕೆ ನೆಟ್ಟಗೆ ಜೋಡಿಸಿಟ್ಟು, ಬಲಗಾಲು ಮುಂದಿಟ್ಟು ಒಳಗೆ ಬಂದರು.