ಕುರ್ಚಿಯಲ್ಲಿ ಕೂತವರಿಗೆ ಮಾತ್ರ

ಕನ್ನಡಕದಂಗಡಿಯವನು ಆವತ್ತು ಕ್ಷೌರಕ್ಕೆ ಹೋದದ್ದು ಕಿವಿಯ ಮೇಲೆ ಇಳಿದಿದ್ದ ನಾಲ್ಕು ಕೂದಲು ತೆಗೆಸಲು. ಸಂಜೆ ಹುಡುಗಿ ನೋಡಲು ಹೋಗಬೇಕಿತ್ತು. ನಲವತ್ತನ್ನು ಮುಟ್ಟುತ್ತಿದ್ದ ತಮ್ಮನಿಗೆ ಅಕ್ಕ ಬಾಗಿಲಲ್ಲೇ ಹೇಳಿ ಕಳಿಸಿದ್ದಳು: "ನೋಡೋ, ನಿನ್ನಲ್ಲಿ ನೋಡೋ ಹಾಗಿರೋದು ಆ ಗುಂಗುರು ಕೂದಲೊಂದೇ. ಅದನ್ನೂ ಹಾಳು ಮಾಡ್ಕೊಂಡು ಬರಬೇಡ."

ಕುರ್ಚಿಯಲ್ಲಿ ಕೂತವನ ಕಣ್ಣು ಕನ್ನಡಿಯ ಕೆಳಗಿದ್ದ ಹಳೆಯ ಕಾಮಿಕ್ಸ್ ಪುಸ್ತಕದ ಮೇಲೆ ಬಿತ್ತು. ಹಸಿರು ಕೆರೆಯಿಂದೆದ್ದ ಒಕ್ಕಣ್ಣಿನ ಜೀವಿಯೊಂದು ರಾಕೆಟ್ಟನ್ನು ಬಾಳೆಹಣ್ಣಿನಂತೆ ಸುಲಿಯುತ್ತಿತ್ತು. ಮೇಲೆ ತಲೆಬರಹದ ಅಕ್ಷರಗಳು ಮೇಣದಂತೆ ಕರಗಿ ಸೋರುತ್ತಿದ್ದವು.

ಒಳಗಿನ ಪುಟಗಳು ಒಣಗಿದ ಎಲೆಯಂತೆ ಹಳದಿಯಾಗಿದ್ದವು. ನೇರಳೆ ಆಕಾಶವನ್ನು ಹತ್ತಿರ ಹಿಡಿದು ನೋಡಿದರೆ ಬರೀ ಚುಕ್ಕಿಗಳು. ದೂರ ಹಿಡಿದರೆ ಎರಡು ಚಂದ್ರರಿದ್ದ ಮುಸ್ಸಂಜೆ. ಅಚ್ಚಿನಲ್ಲಿ ಬಣ್ಣ ಗೆರೆಯಿಂದ ಕೊಂಚ ಸರಿದಿತ್ತು. ಹಾಗಾಗಿ ನಾಯಕಿಯ ತುಟಿಯ ಕೆಂಪು ತುಟಿಯಿಂದ ಹೊರಟು ಗಾಳಿಯಲ್ಲಿ ತೇಲುತ್ತಿತ್ತು. ಕಪ್ಪು ಶಾಯಿಯ ನೆರಳುಗಳು ಎಷ್ಟು ದಟ್ಟವೆಂದರೆ ಅವನು ಬೆರಳಿಟ್ಟು ಆಳ ನೋಡಿದ.

"ಆಯ್ತು, ಏಳಿ ಸಾರ್" ಎಂದ ಕ್ಷೌರಿಕ.

"ಪುಸ್ತಕ ಒಂದು ದಿನ ಕೊಡ್ತೀರಾ?"

"ಅದು ನಮ್ಮಪ್ಪನ ಕಾಲದ್ದು. ಹೊರಗೆ ಕೊಡಲ್ಲ. ಕುರ್ಚಿಯಲ್ಲಿ ಕೂತವರಿಗೆ ಮಾತ್ರ."

ಕತೆಯಲ್ಲಿ ಆಗಷ್ಟೇ ನಾಯಕಿಯ ಕಾಲಿಗೆ ಕೆರೆಯ ನೀರು ತಾಗಿತ್ತು. "ಹಾಗಾದ್ರೆ ಇನ್ನೂ ಸ್ವಲ್ಪ ಚಿಕ್ಕದು ಮಾಡಿ" ಎಂದ ಕನ್ನಡಕದವನು.

ಬೆಂಚಿನಲ್ಲಿ ಸುಮ್ಮನೆ ಹೊತ್ತು ಕಳೆಯುತ್ತಿದ್ದ ನಿವೃತ್ತ ರೈಲ್ವೆ ಗಾರ್ಡ್ ಹತ್ತಿರ ಬಂದು ಹೆಗಲ ಮೇಲಿಂದ ಇಣುಕಿದರು. "ಎಡಗಡೆ ಏರುಪೇರಾಯ್ತಲ್ರೀ."

ಎಡಗಡೆ ಸರಿಯಾಗುವಾಗ ಜೀವಿಗೆ ಎರಡನೇ ಬಾಯಿ ಮೂಡಿತು. ಆಗ ಬಲಗಡೆ ಏರುಪೇರಾಯಿತು. ಮುಂದಿನ ಪುಟಗಳಿಗೆ ಮೀಸೆ ಹೋಯಿತು.

"ಬೇಗ ಪುಟ ತಿರುಗಿಸ್ರೀ, ಆ ಹುಡುಗಿ ಮುಳುಗಿಹೋಗ್ತಾಳೆ!" ಗಾರ್ಡ್ ಚಡಪಡಿಸಿದರು.

"ತಿರುಗಿಸಬಹುದು. ಆದ್ರೆ ಕತ್ತರಿಸೋಕೆ ತಲೇಲಿ ಇನ್ನೇನೂ ಉಳಿದಿಲ್ಲ" ಎಂದ ಕ್ಷೌರಿಕ.

"ಬೋಳಿಸಿಬಿಡಿ" ಎಂದ ಕನ್ನಡಕದವನು, ಎರಡು ಚಂದ್ರರ ಬೆಳಕಿನಲ್ಲಿ ತೇಲುತ್ತ.

ಕೊನೆಯ ಪುಟದಲ್ಲಿ ಕೆರೆಯೇ ಬಾಯಿ ತೆರೆಯಿತು. ಕೆಳಗೆ ಪುಟ್ಟ ಅಕ್ಷರ: ಉಳಿದದ್ದು ಎರಡನೇ ಭಾಗದಲ್ಲಿ. ಕ್ಷೌರಿಕ ಡ್ರಾಯರ್ ಎಳೆದು ಎರಡನೇ ಭಾಗವನ್ನು ತೋರಿಸಿದ. "ಇದೆ ಸಾರ್. ಕೂದಲು ಬೆಳೆಸ್ಕೊಂಡು ಬನ್ನಿ."

ಸಂಜೆ ಅಕ್ಕ ಅವನನ್ನು ನೋಡಿ ಗೋಡೆ ಹಿಡಿದು ಕೂತಳು. ಆದರೂ ಹೋಗಲೇಬೇಕಾಯಿತು. ಹುಡುಗಿ ಸರ್ವೇ ಕಚೇರಿಯಲ್ಲಿ ನಕ್ಷೆ ಬಿಡಿಸುವವಳು. ಮಿರಮಿರ ಮಿಂಚುವ ತಲೆಯನ್ನು ನೋಡಿಯೂ ನಗಲಿಲ್ಲ. "ಯಾಕೆ ಹೀಗೆ?" ಎಂದಳು.

ಅವನು ನಿಜವನ್ನೇ ಹೇಳಿದ. ಚುಕ್ಕಿಗಳ ಆಕಾಶ, ಗೆರೆ ಬಿಟ್ಟು ಅಲೆಯುವ ಕೆಂಪು, ಬಾವಿಯಂಥ ನೆರಳು. ಹೇಳುತ್ತ ಹೇಳುತ್ತ ಕೋಣೆಯ ಟ್ಯೂಬ್‌ಲೈಟೇ ನೇರಳೆಯಾದಂತೆ ಕಂಡಿತು. ಹುಡುಗಿಯ ಕಣ್ಣು ಅರಳಿತು. ಅಕ್ಕ ತಮ್ಮನ ಮೊಣಕೈ ತಿವಿದಳು: ಗೆದ್ದೆ ಕಣೋ!

"ನೆರಳನ್ನ ಗೆರೆಗೆರೆಯಾಗಿ ತುಂಬಿದ್ದಾರಾ, ಒಂದೇ ಕಪ್ಪಾ?"

"ಒಂದೇ ಕಪ್ಪು."

"ಆಮೇಲೇನಾಯ್ತು?"

"ಅದು ಎರಡನೇ ಭಾಗದಲ್ಲಿದೆ."

"ಯಾವ ಅಂಗಡಿ?"

ಅವನು ಗುರುತು ಹೇಳಿದ. "ಒಂದು ನಿಮಿಷ ಬಂದೆ" ಎಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಹುಡುಗಿಯ ತಂದೆ ಒಳಗೆ ಹೋಗಿ, ಹಿತ್ತಲಿನತನಕ ಹುಡುಕಿ, ಮುಖ ಸಣ್ಣಗೆ ಮಾಡಿಕೊಂಡು ಬಂದರು. "ಇನ್ನೊಂದು ದಿನ ನೋಡೋಣ."

ವಾಪಸು ಬರುವ ದಾರಿಯುದ್ದಕ್ಕೂ ಅಕ್ಕ ಬೈದಳು. "ಹಿತ್ತಲ ಬಾಗಿಲಿಂದ ಓಡಿಹೋದ್ಳಲ್ಲೋ ನಿನ್ನ ನೋಡಿ!" ಕ್ಷೌರದಂಗಡಿ ಬಂದಾಗ ಅವನ ಕಾಲು ತಾನಾಗಿ ನಿಂತಿತು. ಒಳಗೆ ಗಾರ್ಡ್ ಬೆಂಚು ಬಿಟ್ಟು ತುದಿಗಾಲಲ್ಲಿ ನಿಂತಿದ್ದರು. ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು, ಎರಡನೇ ಭಾಗವನ್ನು ಕಣ್ಣಿಗೆ ಹತ್ತಿರ ಹಿಡಿದು, ಮೈಮರೆತು ಕೂತಿದ್ದವಳು ಅದೇ ಹುಡುಗಿ.

ಕನ್ನಡಕದವನು ಒಳಗೆ ನುಗ್ಗಿದ. "ಏನ್ರೀ... ಕೆರೆ ಅವಳನ್ನ ನುಂಗ್ತಾ?"

"ಶ್!" ಎಂದಳು ತಲೆ ಎತ್ತದೆ.

"ಮಾತಾಡಿಸ್ಬೇಡಿ ಸಾರ್, ಕತ್ತರಿ ಜಾರುತ್ತೆ" ಎಂದ ಕ್ಷೌರಿಕ. "ಪುಟಕ್ಕೊಂದು ಬೆರಳಷ್ಟು ಕತ್ತರಿಸಿ ಅಂದಿದ್ದಾರೆ."

ಅವನು ಬೆಂಚಿನ ಮೇಲೆ ಕುಸಿದು ನೋಡಿದ. ಕುರ್ಚಿಯ ಬೆನ್ನು ದಾಟಿ ಇಳಿದಿದ್ದ ಅವಳ ಕೂದಲು ಇನ್ನೂ ನೆಲ ಮುಟ್ಟುತ್ತಿತ್ತು.